‘ಎಲ್ಲಾ ಬರೋಬರಿ ಐತ್ರಿ’ ಅಂದಾಗ ಕೇಳಬೇಕಾದ ಎರಡನೇ ಪ್ರಶ್ನೆ

ಬೆಳಗಾವಿ ಉದ್ಯಮಬಾಗದ ಫೌಂಡ್ರಿ ಇರಲಿ, ಮುಧೋಳ ಕಡೆಯ ಸಕ್ಕರೆ ಕಾರ್ಖಾನೆ ಇರಲಿ, ವಿಜಯಪುರದ ಪತ್ತಿನ ಸಹಕಾರಿ ಸಂಘ ಇರಲಿ, ಮಾಲಕರೋ ಚೇರ್ಮನ್ನರೋ ಬಂದು "ಸಿಸ್ಟಮ್ ಹ್ಯಾಂಗ ನಡದೈತಿ?" ಅಂತ ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ. "ಎಲ್ಲಾ ಬರೋಬರಿ ಐತ್ರಿ ಸಾಹೇಬ್ರ." ಹೇಳುವವರು ಬೇಕಂತಲೇ ಸುಳ್ಳು ಹೇಳುತ್ತಾರೆ ಅಂತಲ್ಲ. ತಮ್ಮ ಕಣ್ಣಿಗೆ ಬಿದ್ದಷ್ಟನ್ನು ಹೇಳುತ್ತಾರೆ. ಇನ್ನು ಕೆಲವರಿಗೆ ಸಣ್ಣದೊಂದು ತೊಂದರೆ ಗೊತ್ತಿರುತ್ತದೆ, ಆದರೆ "ಯಾಕ್ ಬೇಕ್ರಿ ಇಲ್ಲದ ಉಸಾಬರಿ" ಅಂತ ಸುಮ್ಮನಿರುತ್ತಾರೆ.

ಕಳೆದ ಎರಡೂವರೆ ದಶಕಗಳಲ್ಲಿ ಆಸ್ಪತ್ರೆ, ಬ್ಯಾಂಕು, ವಿಮಾನ ಕಂಪನಿ, ಹಡಗು ಕಂಪನಿ ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಕಡೆಗಳಲ್ಲಿ ದೊಡ್ಡ ದೊಡ್ಡ ಕಂಪ್ಯೂಟರ್ ವ್ಯವಸ್ಥೆಗಳು ಕುಸಿದಿವೆ. ಯಾಕೆ ಕುಸಿದವು ಅನ್ನುವ ತನಿಖಾ ವರದಿಗಳೂ ಹೊರಬಂದಿವೆ. ಅವನ್ನು ಓದುತ್ತಾ ಹೋದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಏನೋ ಸರಿ ಇಲ್ಲ ಅನ್ನುವುದು ಹೆಚ್ಚಿನ ಕಡೆ ಕೆಳಗಿನ ಯಾರಿಗೋ ಮೊದಲೇ ಗೊತ್ತಿತ್ತು. ತೀರ್ಮಾನ ತೆಗೆದುಕೊಳ್ಳುವವರ ತನಕ ಅದು ಮುಟ್ಟಲಿಲ್ಲ. ಮುಟ್ಟಿದ ಕಡೆಯೂ ನಾಟಲಿಲ್ಲ.

ತಂತ್ರಜ್ಞಾನ ವಿಭಾಗದ ಹಿರಿಯ ಅಧಿಕಾರಿಗಳ ನಾಯಕತ್ವ ಅಂದ ಕೂಡಲೇ ದೂರದೃಷ್ಟಿ, ಹೊಸತನ, ತಂಡ ಕಟ್ಟುವುದು ಅಂತ ಉದ್ದ ಪಟ್ಟಿ ಬರುತ್ತದೆ. ಅವು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಈ ಹುದ್ದೆಯ ಕೆಲಸವನ್ನು ಅಳೆಯಬೇಕು ಅಂದರೆ ನಾನು ಎರಡೇ ವಿಷಯ ನೋಡುತ್ತೇನೆ. ಕೆಟ್ಟ ಸುದ್ದಿ ಇವರ ಟೇಬಲ್‌ಗೆ ಎಷ್ಟು ಬೇಗ ಬರುತ್ತದೆ? ತಂದವರಿಗೆ ಆಮೇಲೆ ಏನಾಗುತ್ತದೆ?

ಹುದ್ದೆಗಳ ಬಗ್ಗೆ ಎರಡು ಮಾತು. ದೊಡ್ಡ ಕಂಪನಿಗಳಲ್ಲಿ ಸಿಐಒ ಅಂದರೆ ಸಂಸ್ಥೆಯ ಒಳಗಿನ ಕಂಪ್ಯೂಟರ್, ನೆಟ್‌ವರ್ಕ್, ಲೆಕ್ಕಪತ್ರದ ಸಾಫ್ಟ್‌ವೇರ್, ಡೇಟಾ ಎಲ್ಲದರ ಹೊಣೆ ಹೊತ್ತವರು. ಸಿಟಿಒ ಅಂದರೆ ಹೆಚ್ಚಾಗಿ ಸಂಸ್ಥೆ ಮಾರುವ ಉತ್ಪನ್ನದೊಳಗಿನ ತಂತ್ರಜ್ಞಾನಕ್ಕೆ ಹೊಣೆ. ನಮ್ಮ ಕಡೆ ಇದೇ ಕೆಲಸವನ್ನು ಸಕ್ಕರೆ ಕಾರ್ಖಾನೆಯ ಇಡಿಪಿ (ಕಂಪ್ಯೂಟರ್ ವಿಭಾಗದ) ಮ್ಯಾನೇಜರ್, ಆಸ್ಪತ್ರೆಯ ಐಟಿ ಇನ್‌ಚಾರ್ಜ್, ಸೊಸೈಟಿಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವ ಕ್ಲಾರ್ಕ್ ಮಾಡುತ್ತಾರೆ. ಹುದ್ದೆಯ ಹೆಸರು ಸಣ್ಣದು, ಆದರೆ ಯಂತ್ರ ನಿಂತ ದಿನ ಇಡೀ ಸಂಸ್ಥೆ ಇವರ ಮುಖವನ್ನೇ ನೋಡುತ್ತದೆ. ಉಳಿದ ದಿನ ಇವರು ಯಾರಿಗೂ ಕಾಣುವುದಿಲ್ಲ. ಎಷ್ಟು ಟನ್ ಕಬ್ಬು ನುರಿಯಿತು ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ಸರ್ವರ್‌ನಲ್ಲಿ ಬ್ಯಾಕಪ್, ಅಂದರೆ ಡೇಟಾದ ಇನ್ನೊಂದು ಪ್ರತಿ ತೆಗೆದಿಡುವುದು, ನಿಂತು ಎಷ್ಟು ವಾರ ಆಯಿತು ಅನ್ನುವುದು ಯಾರಾದರೂ ಬಾಯಿಬಿಟ್ಟು ಹೇಳದೆ ಗೊತ್ತಾಗುವುದಿಲ್ಲ.

ಫೌಂಡ್ರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಕದೊಳಗೆ ಬ್ಲೋ ಹೋಲ್, ಅಂದರೆ ಗಾಳಿ ಸಿಕ್ಕಿ ಆದ ಪೊಳ್ಳು, ಇದ್ದರೆ ಹೊರಗಿನಿಂದ ಕಾಣುವುದಿಲ್ಲ. ಫೆಟ್ಲಿಂಗ್ (ಎರಕವನ್ನು ಉಜ್ಜಿ ಚೊಕ್ಕ) ಮಾಡುವಾಗಲೇ ಸಿಕ್ಕರೆ ಕಬ್ಬಿಣ ವಾಪಸ್ ಫರ್ನೇಸಿಗೆ ಹೋಗುತ್ತದೆ, ನಷ್ಟ ಸಣ್ಣದು. ಮಷಿನ್ ಶಾಪಿನಲ್ಲಿ ಕೊರೆದ ಮೇಲೆ ಸಿಕ್ಕರೆ ಕೂಲಿ, ಕರೆಂಟು, ಟೂಲು ಎಲ್ಲ ಹೋಯಿತು. ಗಿರಾಕಿಯ ಹತ್ತಿರ ಸಿಕ್ಕರೆ ಹೆಸರೂ ಹೋಯಿತು. ಕಂಪ್ಯೂಟರ್ ವ್ಯವಸ್ಥೆಯ ದೋಷವೂ ಹೀಗೇ, ತಡವಾದಷ್ಟೂ ದುಬಾರಿ.

ಬರುತ್ತಾ ಹೋಗುತ್ತಾ ಇದ್ದ ನೆಟ್‌ವರ್ಕ್

2002ರ ನವೆಂಬರ್ 13ರಂದು ಅಮೆರಿಕದ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ನೆಟ್‌ವರ್ಕ್ ಕುಸಿಯಿತು. ಆಗಿನ ಕಾಲಕ್ಕೆ ಬಹಳ ಮುಂದುವರಿದ ಆಸ್ಪತ್ರೆ ಅದು. ಲ್ಯಾಬ್ ವರದಿ, ಔಷಧಿ ಚೀಟಿ ಎಲ್ಲ ಕಂಪ್ಯೂಟರ್‌ನಲ್ಲೇ. ಸಂಶೋಧಕರೊಬ್ಬರು ಹೊಸ ಸಾಫ್ಟ್‌ವೇರ್ ಒಂದನ್ನು ಹಾಕಿದ್ದರು. ಅದು ಭಾರಿ ಪ್ರಮಾಣದ ಡೇಟಾ ಹರಿಸತೊಡಗಿತು. ನೆಟ್‌ವರ್ಕೋ, ವರ್ಷಗಟ್ಟಲೆ ಒಂದಕ್ಕೊಂದು ತುಂಡು ಜೋಡಿಸುತ್ತಾ ಬೆಳೆಸಿದ್ದು. ಆ ಹೊರೆಯನ್ನು ಅದು ತಡೆಯಲಿಲ್ಲ.

ಆಸ್ಪತ್ರೆಯ ಸಿಐಒ ಜಾನ್ ಹಲಾಮ್ಕಾ. ಸ್ವತಃ ತುರ್ತು ಚಿಕಿತ್ಸೆಯ ವೈದ್ಯರೂ ಹೌದು. ನೆಟ್‌ವರ್ಕ್ ಒಂದು ಗಳಿಗೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಈಗ ಸರಿಹೋಯಿತು, ಇನ್ನೇನು ಸರಿಹೋಯಿತು ಅನ್ನುವ ಆಸೆ ಎಲ್ಲರಿಗೂ. ಒಂದು ಹಂತದಲ್ಲಿ ಹಲಾಮ್ಕಾ ಗಟ್ಟಿ ತೀರ್ಮಾನ ತೆಗೆದುಕೊಂಡರು. ಪೂರ್ತಿ ಬಂದ್ ಮಾಡಿ, ಎಲ್ಲರೂ ಕಾಗದಕ್ಕೆ ಬನ್ನಿ. ಅರ್ಧಂಬರ್ಧ ನಡೆಯುವ ವ್ಯವಸ್ಥೆ ಪೂರ್ತಿ ನಿಂತ ವ್ಯವಸ್ಥೆಗಿಂತ ಅಪಾಯ, ಯಾಕೆಂದರೆ ಯಾವ ವರದಿ ತಲುಪಿತು, ಯಾವುದು ತಲುಪಲಿಲ್ಲ ಅಂತ ನರ್ಸ್‌ಗೂ ಗೊತ್ತಿರುವುದಿಲ್ಲ, ಡಾಕ್ಟರ್‌ಗೂ ಗೊತ್ತಿರುವುದಿಲ್ಲ. ಅಲ್ಲಿನ ಕಿರಿಯ ವೈದ್ಯರಲ್ಲಿ ಎಷ್ಟೋ ಜನ ಕೈಯಲ್ಲಿ ಚೀಟಿ ಬರೆದೇ ಗೊತ್ತಿಲ್ಲದವರು. ಹಲವು ದಿನ ಕಾಗದದ ಮೇಲೇ ಆಸ್ಪತ್ರೆ ನಡೆಯಿತು.

ಮೆಚ್ಚಬೇಕಾದ್ದು ಆಮೇಲಿನ ಕೆಲಸ. ಇಂಥ ಪ್ರಸಂಗವನ್ನು ಮುಚ್ಚಿಹಾಕಲು ಯಾವ ಸಂಸ್ಥೆಗೂ ನೂರು ಕಾರಣ ಸಿಗುತ್ತವೆ. ಹಲಾಮ್ಕಾ ಮಾತ್ರ ಎಲ್ಲವನ್ನೂ ಹೊರಗೆ ಹೇಳಿದರು. ಪತ್ರಿಕೆಯವರ ಜೊತೆ ಬಿಚ್ಚುಮನಸ್ಸಿನಿಂದ ಮಾತಾಡಿದರು. ಇಡೀ ನೆಟ್‌ವರ್ಕಿನ ತಿಳಿವಳಿಕೆ ಒಬ್ಬನೇ ಸಿಬ್ಬಂದಿಯ ತಲೆಯಲ್ಲಿ ಇರಬಾರದು, ಹೊರಗಿನ ಪರಿಣತರನ್ನು ಕರೆಯಲು ಹಿಂಜರಿಯಬಾರದು ಅಂತ ಬೇರೆ ಆಸ್ಪತ್ರೆಗಳಿಗೆ ತಿಳಿಸಿದರು. ಒಬ್ಬನೇ ತಿಳಿದವನು ಅನ್ನುವ ಮಾತು ನಮಗೆ ತೀರಾ ಹತ್ತಿರದ್ದು. ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಕೇಳಿದರೆ "ಅಂವಾ ಊರಿಗೆ ಹೋಗ್ಯಾನ್ರಿ" ಅನ್ನುವ ಉತ್ತರ ಬರುವ ಕಚೇರಿಗಳು ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಅಂಥ ಕಡೆ ಕೆಟ್ಟ ಸುದ್ದಿ ಹುಟ್ಟುವ ಜಾಗವೇ ಒಬ್ಬ ಮನುಷ್ಯ. ಅವನು ಹೇಳದಿದ್ದರೆ ಯಾರಿಗೂ ಗೊತ್ತಾಗುವ ದಾರಿಯೇ ಇಲ್ಲ.

ಸಹಿ ಇದ್ದ ಪತ್ರ

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವ ಪ್ರಕರಣ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನದು. ಈ ಬ್ಯಾಂಕಿನ 52 ಲಕ್ಷ ಗ್ರಾಹಕರ ಖಾತೆಗಳು ಹಿಂದಿನ ಒಡೆಯರಾಗಿದ್ದ ಲಾಯ್ಡ್ಸ್ ಬ್ಯಾಂಕಿನ ಕಂಪ್ಯೂಟರ್‌ಗಳಲ್ಲೇ ಇದ್ದವು. ಸ್ಪೇನಿನ ಸಬಾಡೆಲ್ ಬ್ಯಾಂಕು ಟಿಎಸ್‌ಬಿಯನ್ನು ಕೊಂಡ ಮೇಲೆ ತನ್ನದೇ ಹೊಸ ವ್ಯವಸ್ಥೆಗೆ ಅವನ್ನೆಲ್ಲ ಸಾಗಿಸಬೇಕಾಯಿತು. ಹೊಸ ವ್ಯವಸ್ಥೆ ಕಟ್ಟಿದ್ದು ಸಬಾಡೆಲ್ ಗುಂಪಿನದೇ ಐಟಿ ಕಂಪನಿ ಸಾಬಿಸ್. 2018ರ ಏಪ್ರಿಲ್ 20ರಿಂದ 22ರವರೆಗಿನ ಒಂದೇ ವಾರಾಂತ್ಯದಲ್ಲಿ ಸಾಗಣೆಯ ಮುಖ್ಯ ಭಾಗ ಮುಗಿಸುವ ಯೋಜನೆ.

ಡೇಟಾ ಸರಿಯಾಗಿಯೇ ಬಂದು ಮುಟ್ಟಿತು. ಆದರೆ ಹೊಸ ವ್ಯವಸ್ಥೆ ಗ್ರಾಹಕರ ಹೊರೆ ತಾಳಲಿಲ್ಲ. 19 ಲಕ್ಷ ಜನ ತಮ್ಮ ಖಾತೆಗೆ ಲಾಗಿನ್ ಆಗಲಾರದೆ ಹೊರಗೆ ಉಳಿದರು. ಎಲ್ಲ ಮಾಮೂಲಿ ಸ್ಥಿತಿಗೆ ಬರಲು ಆ ವರ್ಷದ ಡಿಸೆಂಬರ್ ಬೇಕಾಯಿತು. ಸೆಪ್ಟೆಂಬರ್‌ನಲ್ಲಿ ಸಿಇಒ ಹುದ್ದೆ ಬಿಟ್ಟರು. 2022ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ನಿಯಂತ್ರಕರು ಬ್ಯಾಂಕಿಗೆ 4.86 ಕೋಟಿ ಪೌಂಡ್ ದಂಡ ಹಾಕಿದರು.

ಇಲ್ಲಿಯವರೆಗೆ ಇದು ಸಾಫ್ಟ್‌ವೇರ್ ಕಥೆ. ಇನ್ನು ಮುಂದಿನದು ನಾಯಕತ್ವದ್ದು. ಹೊಸ ವ್ಯವಸ್ಥೆಗೆ ಎರಡು ಡೇಟಾ ಸೆಂಟರ್ ಇದ್ದವು. ಎರಡೂ ಒಂದೇ ಥರ ಇರಬೇಕಿತ್ತು, ಇರಲಿಲ್ಲ. ಹೊರೆಯ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ. ಸಾಬಿಸ್ ತಾನು ಸಿದ್ಧ ಅಂತ ಬರಹದಲ್ಲಿ ಖಚಿತಪಡಿಸಿತ್ತು. ಸಾಬಿಸ್‌ನ ಕೆಳಗೆ ಇನ್ನೂ ಹತ್ತಾರು ಪೂರೈಕೆದಾರರು. ಅವರಿಂದಲೂ ಪತ್ರ ತರಿಸಲಾಗಿತ್ತು. ಆಮೇಲೆ ತನಿಖೆ ಮಾಡಿದವರು ಆ ಪತ್ರಗಳನ್ನು ಬಿಡಿಸಿ ಓದಿದಾಗ ಕಂಡದ್ದೇನು? ನಾವು ಸಿದ್ಧರಿದ್ದೇವೆ ಅಂತ ಖಡಾಖಂಡಿತ ಹೇಳುವ ಬದಲು, ಸಿದ್ಧರಾಗುತ್ತೇವೆ ಅನ್ನುವ ನಿರೀಕ್ಷೆಯ ಮಾತುಗಳು ಅವುಗಳಲ್ಲಿ ಇದ್ದವು.

2023ರ ಏಪ್ರಿಲ್‌ನಲ್ಲಿ ಆಗಿನ ಸಿಐಒ ಕಾರ್ಲೋಸ್ ಅಬಾರ್ಕಾ ಅವರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ಹೊರಗುತ್ತಿಗೆಗೆ ಕೊಟ್ಟ ಕೆಲಸದ ಸಿದ್ಧತೆ ಬಗ್ಗೆ ಅವರು ಸಾಕಷ್ಟು ಖಾತ್ರಿ ಪಡೆದುಕೊಳ್ಳಲಿಲ್ಲ ಅನ್ನುವುದು ನಿಯಂತ್ರಕರ ತೀರ್ಮಾನ. ಬ್ಯಾಂಕಿಗೆ ಹಾಕಿದ ದಂಡದ ಮುಂದೆ ಈ ಮೊತ್ತ ಸಣ್ಣದು. ಆದರೆ ಇದರ ಅರ್ಥ ದೊಡ್ಡದು. ಪತ್ರಕ್ಕೆ ಸಹಿ ಇದೆ ಅಂತ ಹೇಳಿ ಸಿಐಒ ತಪ್ಪಿಸಿಕೊಳ್ಳುವಂತಿಲ್ಲ.

ತಲೆಬರಹದ ಎರಡನೇ ಪ್ರಶ್ನೆ ಇದೇ. ‘ಬರೋಬರಿ ಐತಿ’ ಅಂದಾಗ "ಏನ್ ನೋಡಿ ಹೇಳ್ತೀರಿ?" ಅಂತ ಕೇಳುವುದು. ಬ್ಯಾಕಪ್ ಇದೆ ಅಂದರೆ, ಕೊನೆಯ ಸಲ ಅದರಿಂದ ಡೇಟಾ ವಾಪಸ್ ತೆಗೆದು ನೋಡಿದ್ದು ಯಾವಾಗ? ಸಾಫ್ಟ್‌ವೇರ್ ಸಿದ್ಧ ಅಂದರೆ, ಎಷ್ಟು ಜನ ಒಟ್ಟಿಗೆ ಬಳಸಿ ಪರೀಕ್ಷೆ ಮಾಡಿದಿರಿ? ಪೂರೈಕೆದಾರರು ಹೇಳಿದರು ಅಂದರೆ, ಅವರು ಏನನ್ನು ನೋಡಿ ಹೇಳಿದರು? ಇದು ಅನುಮಾನಪಡುವುದು ಅಂತ ಕೆಲವರಿಗೆ ಅನ್ನಿಸುತ್ತದೆ. ನಮ್ಮ ಕಡೆ ಸಂಕೋಚ ಬೇರೆ ಜಾಸ್ತಿ. ಹತ್ತು ವರ್ಷದಿಂದ ಪರಿಚಯ ಇರುವ ಸಾಫ್ಟ್‌ವೇರ್‌ನವರನ್ನು ಹೀಗೆ ಕೇಳಿದರೆ ಬೇಜಾರು ಮಾಡಿಕೊಂಡಾರು ಅಂತ. ಒಳ್ಳೆಯ ಪೂರೈಕೆದಾರರು ಬೇಜಾರು ಮಾಡಿಕೊಳ್ಳುವುದಿಲ್ಲ, ನೋಡಿದ್ದನ್ನು ತೋರಿಸುತ್ತಾರೆ.

ಸುದ್ದಿ ಗೊತ್ತಿದ್ದೂ ನಾಟದ ಉದಾಹರಣೆ ಬೇಕಿದ್ದರೆ ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಇದೆ. 2022ರ ಡಿಸೆಂಬರ್‌ನ ಹಿಮಗಾಳಿಯಲ್ಲಿ ಎಲ್ಲ ಕಂಪನಿಗಳೂ ತತ್ತರಿಸಿದವು. ಉಳಿದವು ಬೇಗ ಎದ್ದು ನಿಂತವು, ಸೌತ್‌ವೆಸ್ಟ್ ಏಳಲಿಲ್ಲ. ಪೈಲಟ್‌ಗಳು, ಗಗನಸಖಿಯರು ಯಾವ ಊರಲ್ಲಿದ್ದಾರೆ ಅನ್ನುವುದೇ ಅದರ ಸಾಫ್ಟ್‌ವೇರ್‌ಗೆ ತಿಳಿಯದಾಯಿತು. ಅವರು ಫೋನ್ ಮಾಡಿ, ಗಂಟೆಗಟ್ಟಲೆ ಕಾದು, "ನಾನು ಇಲ್ಲಿದ್ದೇನೆ" ಅಂತ ಹೇಳಬೇಕಾಯಿತು. 16,900 ವಿಮಾನಗಳು ರದ್ದಾದವು, 20 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಸಿಕ್ಕಿಹಾಕಿಕೊಂಡರು. ಈ ವ್ಯವಸ್ಥೆ ಹಳೆಯದಾಗಿದೆ ಅಂತ ಸಿಬ್ಬಂದಿ ಸಂಘಗಳು ವರ್ಷಗಳಿಂದ ಹೇಳುತ್ತಲೇ ಬಂದಿದ್ದವು.

ಸುದ್ದಿ ತಂದವರಿಗೆ ಏನಾಯಿತು

2017ರಲ್ಲಿ ನಡೆದ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಫೆಬ್ರವರಿ 28ರಂದು ಅಮೆಜಾನ್‌ನ ಇಂಜಿನಿಯರ್ ಒಬ್ಬರು ಬಿಲ್ಲಿಂಗ್‌ಗೆ ಸಂಬಂಧಿಸಿದ ಕೆಲವೇ ಸರ್ವರ್‌ಗಳನ್ನು ತೆಗೆಯಲು ಒಂದು ಕಮಾಂಡ್ ಕೊಟ್ಟರು. ಟೈಪ್ ಮಾಡುವಾಗ ಒಂದು ಕಡೆ ತಪ್ಪಾಯಿತು. ಬೇಕಾದ್ದಕ್ಕಿಂತ ಬಹಳ ಹೆಚ್ಚು ಸರ್ವರ್‌ಗಳು ಹೋದವು. ಅಮೆಜಾನ್‌ನ ಎಸ್3 ಅನ್ನುವ ಸ್ಟೋರೇಜ್ ಸೇವೆ ಗಂಟೆಗಟ್ಟಲೆ ನಿಂತಿತು, ಅದನ್ನು ನಂಬಿದ್ದ ಲೆಕ್ಕವಿಲ್ಲದಷ್ಟು ವೆಬ್‌ಸೈಟ್‌ಗಳೂ ನಿಂತವು. ಸೇವೆಗಳ ಸ್ಥಿತಿ ತೋರಿಸುವ ಅಮೆಜಾನ್‌ನದೇ ಬೋರ್ಡು ಕೂಡ ಎಸ್3 ಮೇಲೆ ನಿಂತಿತ್ತು. ಹಾಗಾಗಿ ಎಲ್ಲ ಕುಸಿದಿದ್ದರೂ ಬೋರ್ಡನ್ನು ತಿದ್ದಲು ಆಗಲಿಲ್ಲ, ಟ್ವಿಟರ್‌ನಲ್ಲಿ ಹೇಳಬೇಕಾಯಿತು. ಎಲ್ಲ ಸರಿ ಇದೆ ಅಂತ ಹೇಳುವ ಯಂತ್ರವನ್ನೂ ಎರಡನೇ ಪ್ರಶ್ನೆ ಕೇಳಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಅಮೆಜಾನ್ ಆಮೇಲೆ ಹೊರಡಿಸಿದ ವಿವರಣೆಯಲ್ಲಿ ಆ ಇಂಜಿನಿಯರ್ ಹೆಸರು ಇರಲಿಲ್ಲ. ಒಂದು ಕಮಾಂಡಿನಿಂದ ಇಷ್ಟು ಸರ್ವರ್ ತೆಗೆಯಲು ಬಿಟ್ಟದ್ದು ಆ ಟೂಲ್‌ನ ದೋಷ ಅಂತ ಒಪ್ಪಿಕೊಂಡು ಟೂಲನ್ನೇ ಬದಲಿಸಿದರು. ಈಗ ಅದು ನಿಧಾನವಾಗಿ ತೆಗೆಯುತ್ತದೆ, ಕನಿಷ್ಠ ಬೇಕಾದಷ್ಟು ಉಳಿಸಿಯೇ ತೀರುತ್ತದೆ. ಅಲ್ಲಿನ ಸಿಟಿಒ ವರ್ನರ್ ವೋಗೆಲ್ಸ್ 2005ರಿಂದ ಆ ಹುದ್ದೆಯಲ್ಲಿ ಇದ್ದವರು. ಯಾವುದೇ ಯಂತ್ರ ಯಾವ ಗಳಿಗೆಯಲ್ಲಾದರೂ ಕೆಡುತ್ತದೆ ಅಂತಲೇ ಎಣಿಸಿ ಕಟ್ಟಬೇಕು ಅನ್ನುವುದು ಅವರ ಹಳೆಯ ಮಾತು. ಸಾಫ್ಟ್‌ವೇರ್ ಕಟ್ಟಿದ ತಂಡವೇ ಅದನ್ನು ನಡೆಸಬೇಕು ಅನ್ನುವುದು ಇನ್ನೊಂದು. ಅದರಿಂದ ಏನು ಲಾಭ? ಗ್ರಾಹಕನಿಗೆ ತೊಂದರೆಯಾದರೆ ರಾತ್ರಿ ಎರಡು ಗಂಟೆಗೆ ಫೋನ್ ಹೋಗುವುದು ಅದನ್ನು ಬರೆದವರಿಗೇ. ನಡುವೆ ನಾಲ್ಕು ಜನ ಮ್ಯಾನೇಜರ್‌ಗಳ ಕೈದಾಟಿ ಸುದ್ದಿ ಮೆತ್ತಗಾಗುವುದಿಲ್ಲ.

ಎರಡನೇ ಘಟನೆ ಈಕ್ವಿಫ್ಯಾಕ್ಸ್. ಜನರ ಸಾಲದ ಇತಿಹಾಸ ಇಟ್ಟುಕೊಳ್ಳುವ ಅಮೆರಿಕದ ಕಂಪನಿ. ನಮ್ಮಲ್ಲಿ ಸಾಲ ಕೊಡುವ ಮುಂಚೆ ಸಿಬಿಲ್ ಸ್ಕೋರ್ ನೋಡುತ್ತಾರಲ್ಲ, ಅಂಥದೇ ಕೆಲಸ. ಒಂದು ಸಾಫ್ಟ್‌ವೇರ್‌ನ ದೋಷಕ್ಕೆ 2017ರ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು. ಕಂಪನಿ ಅದನ್ನು ಎಲ್ಲ ಕಡೆ ಹಾಕಲಿಲ್ಲ. ಮೇ ತಿಂಗಳಿಂದ ಜುಲೈವರೆಗೆ ಕಳ್ಳರು ಒಳಗಿದ್ದು, ಸುಮಾರು 14.7 ಕೋಟಿ ಜನರ ಮಾಹಿತಿ ಹೊರಗೆ ಹೋಯಿತು. ಅಕ್ಟೋಬರ್‌ನಲ್ಲಿ ಅಮೆರಿಕದ ಸಂಸತ್ತಿನ ಮುಂದೆ ನಿಂತ ಮಾಜಿ ಸಿಇಒ ರಿಚರ್ಡ್ ಸ್ಮಿತ್, ಆ ಪರಿಹಾರ ಹಾಕಿಸಲು ತಿಳಿಸಬೇಕಿದ್ದ ಒಬ್ಬ ಸಿಬ್ಬಂದಿ ತಿಳಿಸಲಿಲ್ಲ ಅಂತ ಹೇಳಿದರು.

ಒಬ್ಬ ಮನುಷ್ಯ ಮರೆತದ್ದಕ್ಕೆ 14 ಕೋಟಿ ಜನರ ಗುಟ್ಟು ಬಯಲಾಗುವ ಹಾಗಿದ್ದರೆ ಆ ಒಬ್ಬನನ್ನು ಹಾಗೆ ಒಂಟಿಯಾಗಿ ನಿಲ್ಲಿಸಿದ್ದು ಯಾರು? 2018ರ ಡಿಸೆಂಬರ್‌ನ ಸಂಸತ್ ಸಮಿತಿಯ ವರದಿ ಇದಕ್ಕೆ ಉತ್ತರ ಕೊಡುತ್ತದೆ. ಕಳ್ಳತನ ಪತ್ತೆ ಮಾಡಬೇಕಿದ್ದ ಉಪಕರಣದ ಡಿಜಿಟಲ್ ಸರ್ಟಿಫಿಕೇಟ್ 19 ತಿಂಗಳಿಂದ ಅವಧಿ ಮುಗಿದು ಬಿದ್ದಿತ್ತು, ಅಂದರೆ ಕಾವಲುಗಾರನ ಕಣ್ಣೇ ಮುಚ್ಚಿತ್ತು. ಇನ್ನೊಂದು ವಿಷಯ, ಭದ್ರತಾ ವಿಭಾಗದ ಮುಖ್ಯಸ್ಥರು ಸಿಐಒ ಕೈಕೆಳಗೆ ಇರಲಿಲ್ಲ, ಕಾನೂನು ವಿಭಾಗದ ಕೆಳಗೆ ಇದ್ದರು. ಹಿಂದೆ ಆ ಹುದ್ದೆಗಳಲ್ಲಿದ್ದ ಇಬ್ಬರಿಗೆ ಹೊಂದಾಣಿಕೆ ಆಗದೆ ಮಾಡಿಕೊಂಡ ಏರ್ಪಾಡು ಅದು. ಇಬ್ಬರೂ ಕಂಪನಿ ಬಿಟ್ಟು ಹೋದ ಮೇಲೂ ಹಾಗೇ ಉಳಿಯಿತು. ಇಬ್ಬರು ಹಿರಿಯರ ಮನಸ್ತಾಪದಿಂದ ಸುದ್ದಿಯ ದಾರಿಯೇ ಮುರಿದುಬಿತ್ತು. ಇದನ್ನು ಓದಿದಾಗ ನನಗೆ ಸಂಕಟವಾಯಿತು. ಡಿಪಾರ್ಟ್‌ಮೆಂಟ್ ಡಿಪಾರ್ಟ್‌ಮೆಂಟ್ ನಡುವೆ ಮಾತುಬಿಟ್ಟ ಕಚೇರಿಗಳು ನಮ್ಮಲ್ಲೂ ಇವೆ, ಅಲ್ವಾ?

ಒಬ್ಬ ಸಿಬ್ಬಂದಿಯನ್ನು ಮುಂದೆ ತಳ್ಳಿದ ಸಂಸ್ಥೆಯಲ್ಲಿ ಮುಂದಿನ ಸಲ ಯಾರೂ ಬಾಯಿಬಿಡುವುದಿಲ್ಲ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿ ಮೈಕ್ರೋಸಾಫ್ಟ್ ಸಿಇಒ ಆದ ಸತ್ಯ ನಾದೆಲ್ಲ ಅವರಿಗೆ ಇದು ಗೊತ್ತಿತ್ತು. 2016ರ ಮಾರ್ಚ್‌ನಲ್ಲಿ ಅವರ ತಂಡ ಟೇ ಅನ್ನುವ ಚಾಟ್‌ಬಾಟನ್ನು ಟ್ವಿಟರ್‌ಗೆ ಬಿಟ್ಟಿತು. ಕಿಡಿಗೇಡಿಗಳು ಅದಕ್ಕೆ ಜನಾಂಗ ನಿಂದನೆ ಕಲಿಸಿದರು, ಒಂದು ದಿನದೊಳಗೆ ವಾಪಸ್ ತೆಗೆಯಬೇಕಾಯಿತು. ಜಗತ್ತೆಲ್ಲ ಬೈಯುತ್ತಿದ್ದಾಗ ನಾದೆಲ್ಲ ಆ ತಂಡಕ್ಕೆ ಪತ್ರ ಬರೆದು, ನಾನು ನಿಮ್ಮ ಜೊತೆ ಇದ್ದೇನೆ, ಮುಂದುವರಿಸಿ ಅಂತ ತಿಳಿಸಿದರು.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್‌ನಿಂದ ಜಗತ್ತಿನ 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟದ್ದು ಹಲವರಿಗೆ ನೆನಪಿರಬೇಕು. ಸಾಫ್ಟ್‌ವೇರ್ 20 ಮಾಹಿತಿಗಳನ್ನು ಎದುರುನೋಡುತ್ತಿದ್ದ ಜಾಗದಲ್ಲಿ 21 ಇದ್ದವು, ಮೂಲ ದೋಷ ಅಷ್ಟೇ. ಎಲ್ಲ ಗ್ರಾಹಕರಿಗೂ ಒಂದೇ ಸಲ ಕಳಿಸುವ ಬದಲು ಸ್ವಲ್ಪ ಜನರಿಗೆ ಮೊದಲು ಕಳಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಆಮೇಲೆ ಕಂಪನಿ ಹಂತ ಹಂತವಾಗಿ ಕಳಿಸುವ ಪದ್ಧತಿ ತಂದಿತು. ಆಗಸ್ಟ್‌ನಲ್ಲಿ ಲಾಸ್ ವೇಗಾಸ್‌ನ ಹ್ಯಾಕರ್‌ಗಳ ಸಮಾವೇಶದಲ್ಲಿ ಈ ಕಂಪನಿಗೆ ವರ್ಷದ ಅತಿ ದೊಡ್ಡ ವೈಫಲ್ಯದ ಪ್ರಶಸ್ತಿ ಘೋಷಣೆಯಾಯಿತು. ಕಂಪನಿಯ ಅಧ್ಯಕ್ಷ ಮೈಕಲ್ ಸೆಂಟೋನಾಸ್ ಖುದ್ದಾಗಿ ವೇದಿಕೆಗೆ ಹೋಗಿ ಅದನ್ನು ತೆಗೆದುಕೊಂಡರು. ಬರುವ ಹೋಗುವ ಸಿಬ್ಬಂದಿಗೆಲ್ಲ ಕಾಣುವಂತೆ ಮುಖ್ಯ ಕಚೇರಿಯಲ್ಲಿ ಇಡುತ್ತೇನೆ ಅಂದರು. ಮೇಲಿನವರೇ ತಮ್ಮ ತಪ್ಪನ್ನು ಹೀಗೆ ಒಪ್ಪಿಕೊಂಡರೆ ಕೆಳಗಿನವರಿಗೆ ಬಾಯಿಬಿಡಲು ಧೈರ್ಯ ಬರುತ್ತದೆ.

ಕರೆಂಟ್ ಹೋದದ್ದೇ ಪುಣ್ಯ

ಡೆನ್ಮಾರ್ಕಿನ ಮೇರ್ಸ್ಕ್ ಜಗತ್ತಿನ ಅತಿ ದೊಡ್ಡ ಕಂಟೇನರ್ ಹಡಗು ಕಂಪನಿಗಳಲ್ಲಿ ಒಂದು. 2017ರ ಜೂನ್ 27ರಂದು ನಾಟ್‌ಪೆಟ್ಯಾ ಅನ್ನುವ ವೈರಸ್ ಅದರ ಕಂಪ್ಯೂಟರ್‌ಗಳನ್ನು ನುಂಗಿಹಾಕಿತು. 4,000 ಸರ್ವರ್, 45,000 ಪಿಸಿ, 2,500 ಸಾಫ್ಟ್‌ವೇರ್‌ಗಳನ್ನು ಹತ್ತು ದಿನಗಳಲ್ಲಿ ಹೊಸದಾಗಿ ಹಾಕಿದೆವು ಅಂತ ಕಂಪನಿಯ ಅಧ್ಯಕ್ಷರು ಆಮೇಲೆ ಹೇಳಿದರು. ಯಾರು ಯಾವ ಕಂಪ್ಯೂಟರ್ ಬಳಸಬಹುದು ಅನ್ನುವ ಪಟ್ಟಿ ಇಟ್ಟುಕೊಳ್ಳುವ ಮುಖ್ಯ ಸರ್ವರ್‌ಗಳು ಜಗತ್ತಿನ ಎಲ್ಲ ಕಡೆ ಅಳಿಸಿಹೋಗಿದ್ದವು. ಉಳಿದದ್ದು ಘಾನಾ ದೇಶದ ಕಚೇರಿಯಲ್ಲಿ ಒಂದೇ ಒಂದು. ವೈರಸ್ ಬಂದಾಗ ಅಲ್ಲಿ ಕರೆಂಟ್ ಇರಲಿಲ್ಲ! ಅಲ್ಲಿಂದ ಹಾರ್ಡ್ ಡಿಸ್ಕನ್ನು ನೈಜೀರಿಯಾ ಮೂಲಕ ವಿಮಾನದಲ್ಲಿ ಇಂಗ್ಲೆಂಡಿಗೆ ತಂದರು.

ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದಕ್ಕಿಂತ ಹಿಂದಿನದು. ನೆಟ್‌ವರ್ಕಿನ ಭದ್ರತೆ ದುರ್ಬಲವಾಗಿದೆ, ಬದಲಾಯಿಸಬೇಕು ಅಂತ ಕಂಪನಿಯ ಒಳಗಿನ ಐಟಿ ಸಿಬ್ಬಂದಿ ಮೊದಲೇ ಹೇಳಿದ್ದರು. ಯೋಜನೆಗೆ ಒಪ್ಪಿಗೆ ಸಿಕ್ಕಿತ್ತು, ದುಡ್ಡೂ ಮಂಜೂರಾಗಿತ್ತು. ಆದರೆ ಹಿರಿಯ ಐಟಿ ಅಧಿಕಾರಿಗಳ ಬೋನಸ್ ಲೆಕ್ಕ ಹಾಕುವ ಗುರಿಗಳಲ್ಲಿ ಅದು ಸೇರಿರಲಿಲ್ಲ. ಹಾಗಾಗಿ ಕೆಲಸ ಮುಂದೆ ಸಾಗಲಿಲ್ಲ. ಸುದ್ದಿ ಮೇಲೆ ಮುಟ್ಟಿತ್ತು, ಒಪ್ಪಿಗೆಯೂ ಆಗಿತ್ತು, ಆದರೂ ಯಾರ ಹೊಣೆಯೂ ಆಗಲಿಲ್ಲ.

ಕುಸಿದ ಮೇಲೆ ಮಾತ್ರ ಸಿಇಒ ಸೋರೆನ್ ಸ್ಕೋ ಒಳ್ಳೆಯ ಕೆಲಸ ಮಾಡಿದರು. ಗ್ರಾಹಕರ ಕೆಲಸ ನಡೆಯಲು ಏನು ಸರಿ ಅನ್ನಿಸುತ್ತದೋ ಅದನ್ನು ಮಾಡಿ, ಮುಖ್ಯ ಕಚೇರಿಯ ದಾರಿ ಕಾಯಬೇಡಿ, ಖರ್ಚನ್ನು ನಾವು ನೋಡಿಕೊಳ್ಳುತ್ತೇವೆ ಅಂತ ಸಿಬ್ಬಂದಿಗೆ ಹೇಳಿಬಿಟ್ಟರು.

ಉತಾರದ ಎರಡನೇ ಪರದೆ

ಎಲ್ಲ ಉದಾಹರಣೆ ಹೊರಗಿನದೇ ಆಯಿತು ಅಂತ ಅನ್ನಿಸಬಹುದು. ತಂತ್ರಜ್ಞಾನ ನಾಯಕತ್ವದ ಒಂದು ದೊಡ್ಡ ಪಾಠ ನಮ್ಮದೇ ತಹಸೀಲ್ದಾರ್ ಕಚೇರಿಯಲ್ಲಿದೆ. ಭೂಮಿ ಯೋಜನೆ.

ಪಹಣಿ, ಅಂದರೆ ನಮ್ಮ ಕಡೆಯ ಉತಾರ, ಎರಡು ದಶಕದ ಹಿಂದಿನವರೆಗೂ ತಲಾಠಿಯ ಕೈಯಲ್ಲಿತ್ತು. ಅವರು ಯಾವಾಗ ಸಿಗುತ್ತಾರೋ, ಏನು ಕೇಳುತ್ತಾರೋ ಅನ್ನುವುದರ ಮೇಲೆ ರೈತನ ಬೆಳೆಸಾಲ ನಿಂತಿತ್ತು. ಆಲಮಟ್ಟಿ ಹಿನ್ನೀರಿಗೆ ಹೊಲ ಕಳೆದುಕೊಂಡ ಬಾಗಲಕೋಟೆ ಕಡೆಯವರಿಗೆ ಆ ಕಾಗದದ ಬೆಲೆ ಬೇರೆ ಹೇಳಬೇಕಿಲ್ಲ. ಕಂದಾಯ ಇಲಾಖೆಯಲ್ಲಿ ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಬಂದವು. 67 ಲಕ್ಷ ರೈತರದು, 177 ತಾಲೂಕುಗಳದು. ಸುಮಾರು 9,000 ಗ್ರಾಮಲೆಕ್ಕಿಗರ ಹಿಡಿತದಲ್ಲಿದ್ದ ದಾಖಲೆ 15 ರೂಪಾಯಿಗೆ ಕೌಂಟರ್‌ನಲ್ಲಿ ಸಿಗುವಂತಾಯಿತು.

ಇದರಲ್ಲಿ ಮೂರು ತೀರ್ಮಾನಗಳು ನನ್ನ ಮನಸ್ಸಿನಲ್ಲಿ ಉಳಿದಿವೆ. ಕೌಂಟರ್ ಶುರುವಾದ ತಾಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಅಂತ ಮಾಡಿದ್ದು ಒಂದು. ಹಳೆಯ ದಾರಿ ತೆರೆದಿಟ್ಟಿದ್ದರೆ ಎಲ್ಲರೂ ಅದರಲ್ಲೇ ಓಡಾಡುತ್ತಿದ್ದರು. ಅರ್ಜಿಗಳನ್ನು ಬಂದ ಸರದಿಯಲ್ಲೇ ನೋಡಬೇಕು, ಅಧಿಕಾರಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು ಅಂತ ಮಾಡಿದ್ದು ಇನ್ನೊಂದು. ಯಾರ ಟೇಬಲ್‌ನಲ್ಲಿ ಅರ್ಜಿ ನಿಂತಿದೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಕೌಂಟರ್‌ನಲ್ಲಿ ರೈತನ ಕಡೆ ಮುಖ ಮಾಡಿ ಎರಡನೇ ಪರದೆ ಇಟ್ಟದ್ದು ಮೂರನೆಯದು. ಆಪರೇಟರ್ ಏನು ಟೈಪ್ ಮಾಡುತ್ತಿದ್ದಾರೆ ಅನ್ನುವುದು ಎದುರು ನಿಂತವರಿಗೂ ಕಾಣುತ್ತದೆ.

ಆ ಎರಡನೇ ಪರದೆಗೆ ಖರ್ಚು ಹೆಚ್ಚೇನಲ್ಲ. ಆದರೆ ಅದರ ಹಿಂದಿನ ಯೋಚನೆ ಮೇಲೆ ಹೇಳಿದ ಎಲ್ಲ ಕಂಪನಿಗಳಿಗಿಂತ ಒಂದು ಹೆಜ್ಜೆ ಮುಂದೆ ಇದೆ. ಕೆಟ್ಟ ಸುದ್ದಿ ತರಲು ಧೈರ್ಯವಂತ ಸಿಬ್ಬಂದಿ ಬೇಕು ಅಂತ ಕಾಯುವ ಬದಲು, ಸುದ್ದಿ ಎಲ್ಲರಿಗೂ ತಾನಾಗಿ ಕಾಣುವಂತೆ ವ್ಯವಸ್ಥೆಯನ್ನೇ ಕಟ್ಟುವುದು. ಭೂಮಿ ಎಲ್ಲವನ್ನೂ ಸರಿಮಾಡಿತು ಅಂತ ನಾನು ಹೇಳಲಾರೆ. ಹಳೆಯ ಪುಸ್ತಕದ ತಪ್ಪುಗಳು ಹಾಗೆಯೇ ಕಂಪ್ಯೂಟರ್‌ಗೂ ಬಂದವು. ಹೆಸರಿನ ಒಂದಕ್ಷರ ತಿದ್ದಿಸಲು ಇವತ್ತಿಗೂ ಓಡಾಡುವವರಿದ್ದಾರೆ.

ಹಂಗಾಮು ಶುರುವಾಗುವ ಮುಂಚೆ

ಸಕ್ಕರೆ ಕಾರ್ಖಾನೆಯ ಇಡಿಪಿ ವಿಭಾಗವನ್ನೇ ತೆಗೆದುಕೊಳ್ಳೋಣ. ನುರಿಸುವ ಹಂಗಾಮಿನಲ್ಲಿ ಅಲ್ಲಿಗೆ ರಜೆ ಇಲ್ಲ. ಕಾಟಾದ, ಅಂದರೆ ಕಬ್ಬಿನ ಗಾಡಿ ತೂಗುವ ಜಾಗದ, ಕಂಪ್ಯೂಟರ್ ನಿಂತರೆ ಟ್ರ್ಯಾಕ್ಟರ್‌ಗಳ ಸಾಲು ಊರ ತನಕ ಬೆಳೆಯುತ್ತದೆ. ಕಡಿದ ಕಬ್ಬು ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ, ಇಳುವರಿಯೂ ಇಳಿಯುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ಬಿಲ್ಲಿನ ಹಣ ಕೊಡಬೇಕು ಅನ್ನುವುದು 1966ರ ಕಬ್ಬು ನಿಯಂತ್ರಣ ಆದೇಶದ ನಿಯಮ. ಡೇಟಾ ಹೋದರೆ ಆ ಲೆಕ್ಕವೂ ತಪ್ಪುತ್ತದೆ.

ಇಂಥ ಕಡೆ ಇಡಿಪಿ ಮ್ಯಾನೇಜರ್ ಹಂಗಾಮಿಗೆ ಮೊದಲೇ ಒಂದು ದಿನ ಕಂಪ್ಯೂಟರನ್ನು ಬೇಕಂತಲೇ ಬಂದ್ ಮಾಡಿಸಿ, ಕಾಗದದ ಚೀಟಿಯಲ್ಲಿ ತೂಕ ಬರೆಸಿ ನೋಡಬೇಕು. ಹಲಾಮ್ಕಾ ಆಸ್ಪತ್ರೆಯಲ್ಲಿ ಅನಿವಾರ್ಯವಾಗಿ ಮಾಡಿದ್ದನ್ನು ಇವರು ಪುರುಸೊತ್ತಿನಲ್ಲಿ ಮಾಡಬಹುದು. ಚೀಟಿ ಪುಸ್ತಕ ಎಲ್ಲಿದೆ, ಅದರಲ್ಲಿ ಕ್ರಮಸಂಖ್ಯೆ ಇದೆಯೇ, ಆಮೇಲೆ ಅದನ್ನು ಕಂಪ್ಯೂಟರ್‌ಗೆ ಏರಿಸುವವರು ಯಾರು ಅನ್ನುವುದು ಆಗಲೇ ತಿಳಿಯುತ್ತದೆ. ಹೊಸ ಸಾಫ್ಟ್‌ವೇರ್ ಬರುತ್ತಿದ್ದರೆ ಒಂದು ಕಾಟಾದಲ್ಲಿ ಮೊದಲು ಹಾಕಿ, ಉಳಿದವು ಹಳೆಯದರಲ್ಲೇ ನಡೆಯಲಿ. ತೂಕ ತೋರಿಸುವ ಡಿಸ್‌ಪ್ಲೇ ರೈತನ ಕಡೆಗೂ ಮುಖ ಮಾಡಿರಲಿ. ರೈತನೇ ನಿಮ್ಮ ಅತ್ಯಂತ ಎಚ್ಚರದ ತಪಾಸಣೆಗಾರ, ಅದೂ ಸಂಬಳವಿಲ್ಲದೆ.

ಇನ್ನು ಕಾನೂನಿನ ಮಾತು. ಇದನ್ನು ನಮ್ಮ ಕಡೆಯ ಸಣ್ಣ ಸಂಸ್ಥೆಗಳು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ. ಸೈಬರ್ ದಾಳಿಗಳ ವಿಷಯ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ವೈರಸ್ ದಾಳಿ, ಡೇಟಾ ಕಳವು ಮುಂತಾದ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ತಿಳಿಸಬೇಕು. ಸಿಸ್ಟಮ್ ಲಾಗ್‌ಗಳನ್ನು, ಅಂದರೆ ಕಂಪ್ಯೂಟರ್‌ನಲ್ಲಿ ಏನೇನು ನಡೆಯಿತು ಅನ್ನುವ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕು. ಕಂಪನಿಗಳಿಗೂ ಇದು ಅನ್ವಯ, ಸರ್ಕಾರಿ ಕಚೇರಿಗಳಿಗೂ ಅನ್ವಯ. ರಾತ್ರಿ ಪಾಳಿಯ ಆಪರೇಟರ್‌ಗೆ ಎರಡು ಗಂಟೆಗೆ ಪರದೆಯ ಮೇಲೆ ಹಣ ಕೇಳುವ ಸಂದೇಶ ಕಂಡಿತು ಅನ್ನಿ. ಅವನು ಹೆದರಿ ಬೆಳಿಗ್ಗೆವರೆಗೆ ಸುಮ್ನೆ ಇದ್ದರೆ, ಮ್ಯಾನೇಜರ್ ಹತ್ತು ಗಂಟೆಗೆ ಬಂದು ಮಾಲಕರಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಾ ಕೂತರೆ, 6 ಗಂಟೆ ಅಲ್ಲೇ ಮುಗಿದುಹೋಗಿರುತ್ತದೆ. ಆದ್ದರಿಂದ ರಾತ್ರಿ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರ್ ಸರ್ವರ್ ಕೋಣೆಯ ಗೋಡೆ ಮೇಲೆ ಇರಬೇಕು. ಯಾರನ್ನೂ ಕೇಳದೆ ಆ ಫೋನ್ ಮಾಡಬಹುದು, ಸುಳ್ಳು ಎಚ್ಚರಿಕೆ ಆದರೂ ಯಾರೂ ಬೈಯುವುದಿಲ್ಲ ಅಂತ ಮಾಲಕರೇ ಮೊದಲು ಬಾಯಿಬಿಟ್ಟು ಹೇಳಿರಬೇಕು. ಸೊಸೈಟಿ ಅಥವಾ ಗ್ರಾಹಕರ ಖಾತೆಯಿಂದ ಹಣ ಹೋಗಿದ್ದರೆ ಜೊತೆಗೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಬೇಕು. ಹಣ ಮುಂದಿನ ಖಾತೆಗಳಿಗೆ ದಾಟುವ ಮುಂಚೆ ತಡೆಹಿಡಿಸಲು ಇರುವ ದಾರಿ ಅದು.